ಗೋಡೆಯ ಮೇಲಿದ್ದ ಚಿತ್ರವನ್ನು ಇಳಿಸಿ ಎಂದು ನೀವೇಕೆ ಹೇಳಲಿಲ್ಲ?

ಸೋರಿಕೆ ತನಿಖಾ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನಿಮ್ಮ ಸಮಿತಿಯ ನೋಟೀಸು ತಲುಪಿತು. ಸರ್ಕಾರದ ಗುಪ್ತಚರರೊಬ್ಬರ ಗುರುತು ಬಯಲಾದದ್ದು "ಸದರಿ ಕುಟುಂಬದ ಸದಸ್ಯರ ಅಜಾಗರೂಕ ವರ್ತನೆಯಿಂದ" ಎಂದು ಮೇಲ್ನೋಟಕ್ಕೆ ಕಂಡುಬಂದಿದೆಯಂತೆ. ಅದಕ್ಕೆ ನಾವು ಲಿಖಿತ ವಿವರಣೆ ಕೊಡಬೇಕಂತೆ. ಸದರಿ ಕುಟುಂಬ ಎಂದರೆ ನಾವು, ಚೌಕಟ್ಟಿನ ಅಂಗಡಿಯವರು. ಗುಪ್ತಚರರೊಬ್ಬರು ಎಂದರೆ ನನ್ನ ತೀರಿಹೋದ ತಂಗಿಯ ಮಗಳು, ನಾನೇ ಎತ್ತಿ ಆಡಿಸಿ ಬೆಳೆಸಿದವಳು. ಮನೆಗೆ ಕೊಳ್ಳಿ ಇಟ್ಟವರೇ ಊರೆಲ್ಲ ಸುತ್ತಿಕೊಂಡು ಬಂದು, "ನಿಮ್ಮ ಮನೆಯಿಂದ ಹೊಗೆ ಬರುತ್ತಿದೆಯಲ್ಲ, ಯಾಕೆಂದು ಬರೆದುಕೊಡಿ" ಎಂದು ಕೇಳಿದ ಹಾಗಾಯಿತು. ಕೇಳಿದ್ದೀರಿ, ಕೊಡುತ್ತೇನೆ. ಆದರೆ ನಿಮ್ಮ ಕಡತಕ್ಕೆ ಮಾತ್ರ ಕೊಡಲಾರೆ. ಕಡತದೊಳಗೆ ಹೋದದ್ದು ನಿಮಗೆ ಬೇಕಾದಾಗ, ಬೇಕಾದಷ್ಟೇ ಹೊರಗೆ ಬರುತ್ತದೆ ಎಂಬುದು ಈಗ ನಮ್ಮ ಓಣಿಯ ಬೆಕ್ಕಿಗೂ ಗೊತ್ತಾಗಿದೆ. ಆದ್ದರಿಂದ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಚಿತ್ರಕ್ಕೆ ಕಟ್ಟು ಹಾಕುವಾಗ ತೇವ ಹೀರಿಕೊಳ್ಳಲೆಂದು ಹಿಂಬದಿಗೆ ಹಳೆಯ ಪತ್ರಿಕೆಯ ಹಾಳೆ ಇಡುತ್ತೇವೆ. ಮದುವೆಯಾಗಿ ಬಂದ ಹೊಸದರಲ್ಲಿ ಆ ಹಾಳೆಗಳನ್ನು ಅಳತೆಗೆ ಕತ್ತರಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಕತ್ತರಿಸುತ್ತ ಕತ್ತರಿಸುತ್ತ ಅಕ್ಷರ ಕೂಡಿಸಿದೆ, ಎಡವಿದಲ್ಲಿ ಯಜಮಾನರನ್ನು ಕೇಳಿದೆ. ಹೀಗಾಗಿ ದೇಶದ ಸುದ್ದಿ ನನಗೆ ತಲುಪುವುದು ಯಾವಾಗಲೂ ಒಂದೆರಡು ವರ್ಷ ತಡವಾಗಿ. ಅದರಿಂದ ಒಂದು ಅನುಕೂಲವೂ ಉಂಟು. ದೊಡ್ಡವರು "ಕಠಿಣ ಕ್ರಮ" ಎಂದು ಗುಡುಗಿದ್ದನ್ನು ನಾನು ಓದುವ ಹೊತ್ತಿಗೆ ಆ ಕ್ರಮ ಯಾವ ಮೂಲೆಯಲ್ಲಿ ಮಲಗಿತೆಂದು ತಿಳಿದುಹೋಗಿರುತ್ತದೆ. ಈವರೆಗೆ ನಾನು ಪತ್ರ ಬರೆದದ್ದು ನೆಂಟರಿಗೆ ಮಾತ್ರ, ನಾದಿನಿಗೆ, ಸೋದರಳಿಯರಿಗೆ, ದೂರದೂರಿನ ಬೀಗಿತ್ತಿಗೆ. "ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ" ಎಂದು ಶುರು ಮಾಡಿ ರೂಢಿ. ಈ ಪತ್ರಕ್ಕೆ ಆ ಒಕ್ಕಣೆ ಹೊಂದಲಿಲ್ಲ. ನೀವು ಕ್ಷೇಮವಾಗಿರುವುದು ಟಿವಿಯಲ್ಲಿ ದಿನಾ ಕಾಣುತ್ತಿದೆ. ನಾವು ಕ್ಷೇಮವಾಗಿಲ್ಲ.

ಮೊದಲೇ ಒಂದು ಮಾತು. ನಮ್ಮ ಹುಡುಗಿ ನನಗೆ ಏನನ್ನೂ ಹೇಳಿಲ್ಲ. ಬಾಯಿ ಬಿಡುವುದಿಲ್ಲವೆಂದು ಅವಳು ನಿಮಗೆ ಸಹಿ ಮಾಡಿಕೊಟ್ಟಿದ್ದಾಳಂತೆ. ಅವಳ ಮೇಲೆ ಏನು ಬರೆದರೂ ಅವಳು ಹೌದೆನ್ನುವಂತಿಲ್ಲ, ಅಲ್ಲ ಎನ್ನುವಂತಿಲ್ಲ. ನಾನು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಇಲ್ಲಿ ಬರೆಯುವುದೆಲ್ಲ ನನ್ನ ಕಣ್ಣು ಕಂಡದ್ದು, ಕಿವಿ ಕೇಳಿದ್ದು, ಪತ್ರಿಕೆಯಲ್ಲಿ ಅಚ್ಚಾದದ್ದು, ಮತ್ತೆ ತಾವು ನಮ್ಮ ಮನೆಯಲ್ಲಿ ಕೂತು ಆಡಿದ್ದು. ಹೌದು, ತಾವೇ. ಅಲ್ಲಿಗೆ ಆಮೇಲೆ ಬರುತ್ತೇನೆ.

ನಮ್ಮ ಹುಡುಗಿಯನ್ನು ಓಣಿಯವರು ಹಲ್ಲಕ್ಕ ಎಂದು ಕರೆಯುತ್ತಿದ್ದರು. ಹಲ್ಲಿನ ವೈದ್ಯರ ಹತ್ತಿರ ರೋಗಿಯನ್ನು ಮಲಗಿಸಿ ಎತ್ತಿ ಇಳಿಸುವ ಕುರ್ಚಿ ಇರುತ್ತದಲ್ಲ, ಅದನ್ನು ಮಾರುವ, ಕೆಟ್ಟರೆ ದುರಸ್ತಿ ಮಾಡುವ ಕಂಪನಿಯಲ್ಲಿ ಅವಳಿಗೆ ಕೆಲಸ. ಹೆಚ್ಚಿನ ತಿರುಗಾಟ ಗಡಿಯ ಆ ಕಡೆ. ಇದನ್ನು ನಾವು ನಂಬಿದ್ದೆವು. ನಂಬದಿರಲು ಕಾರಣವೂ ಇರಲಿಲ್ಲ, ಅವಳು ನಿಜಕ್ಕೂ ಕುರ್ಚಿ ದುರಸ್ತಿ ಮಾಡುತ್ತಿದ್ದಳು. ನಮ್ಮ ಬೀದಿಯ ಕೊನೆಯ ದಂತವೈದ್ಯರ ಕುರ್ಚಿ ಒಮ್ಮೆ ರೋಗಿಯ ಸಮೇತ ಮೇಲೆ ಹೋಗಿ ಅಲ್ಲೇ ನಿಂತುಬಿಟ್ಟಾಗ ಇವಳೇ ಹೋಗಿ ಇಳಿಸಿದ್ದು. ಯಾರಿಗೆ ದವಡೆ ಊದಿದರೂ ನಮ್ಮ ಅಂಗಡಿಗೆ ಬಂದು ಬಾಯಿ ತೆರೆದು ನಿಲ್ಲುತ್ತಿದ್ದರು. "ನಾನು ಕುರ್ಚಿ ನೋಡೋಳು ಮಾರಾಯ್ರೆ, ಹಲ್ಲು ನೋಡೋಳಲ್ಲ" ಎಂದರೆ, "ಕುರ್ಚೀನೇ ಇಷ್ಟು ಚೆನ್ನಾಗಿ ನೋಡ್ತೀಯ, ಹಲ್ಲು ಎಷ್ಟರದು, ನೋಡು" ಎನ್ನುತ್ತಿದ್ದರು.

ಆ ಕಡೆ ಅವಳಿಗೊಬ್ಬ ಗೆಳತಿ ಇದ್ದಳು. ದೊಡ್ಡ ಹಲ್ಲಿನ ಆಸ್ಪತ್ರೆಯೊಂದರ ದಾದಿ. ನಮ್ಮ ಮನೆಯ ಮಾತಿನಲ್ಲಿ ಆಕೆ "ಆ ಕಡೆಯ ಅಕ್ಕ". ನಾನು ಆಕೆಯ ಮುಖವನ್ನು ಎದುರಿಗೆ ನೋಡಿದವಳಲ್ಲ. ಅಂಗಡಿಯ ಕಲ್ಲುನೆಲದ ಮೇಲೆ ನಿಂತೂ ನಿಂತೂ ನನ್ನ ಪಾದ ಸೆಟೆದುಕೊಳ್ಳುತ್ತದೆ ಎಂದು ನಮ್ಮ ಹುಡುಗಿ ಯಾವಾಗಲೋ ಅಂದಳಂತೆ. ಆಕೆ ಅಳತೆ ತರಿಸಿಕೊಂಡಳು. ಕಾಗದದ ಮೇಲೆ ನನ್ನ ಪಾದ ಇಡಿಸಿ ಸುತ್ತ ಪೆನ್ಸಿಲ್ ಎಳೆದುಕೊಂಡು ಹೋಗಿ ಕೊಟ್ಟಳು ಇವಳು. ಅಂದಿನಿಂದ ಪ್ರತಿ ಚಳಿಗಾಲಕ್ಕೂ ಒಂದು ಜೊತೆ ಉಣ್ಣೆಯ ಕಾಲುಚೀಲ ಬರುತ್ತಿತ್ತು. ಒಂದು ಸಲ ಆ ಪೊಟ್ಟಣದಲ್ಲಿ ಒಂದು ಫೋಟೋವನ್ನೂ ಇಟ್ಟಿದ್ದಳು. ಆಸ್ಪತ್ರೆಯ ಕೋಣೆ, ನಡುವೆ ಬಿಚ್ಚಿಟ್ಟ ಕುರ್ಚಿ, ಕೈಯಲ್ಲಿ ತಿರುಪುಳಿ ಹಿಡಿದ ನಮ್ಮ ಹುಡುಗಿ, ಪಕ್ಕದಲ್ಲಿ ನಗುತ್ತಿರುವ ಆಕೆ. ನಮ್ಮದು ಚೌಕಟ್ಟಿನ ಅಂಗಡಿ. ಅಂಥ ಫೋಟೋ ಬಂದರೆ ನಾವು ಏನು ಮಾಡುತ್ತೇವೆ ಹೇಳಿ. ಒಳ್ಳೆಯ ಮರದ ಕಟ್ಟು ಹಾಕಿ, ಗಾಜು ಕೂರಿಸಿ, ಅಂಗಡಿಯ ಗೋಡೆಗೆ ಹಾಕಿದೆವು.

ಊರಿಗೆ ಬಂದಾಗ ಅದನ್ನು ನೋಡಿ ನಮ್ಮ ಹುಡುಗಿಯ ಮುಖ ಸುಣ್ಣವಾಯಿತು.

"ದೊಡ್ಡಮ್ಮ, ಇದು ಅಂಗಡೀಲಿ ಬೇಡ."

"ಯಾಕೆ, ಕಟ್ಟು ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಆ ಅಕ್ಕನಿಗೆ ನಾಚಿಕೆ ಸ್ವಭಾವ. ಒಳಗಿಡು. ಕಾಣದ ಹಾಗೆ ಇಡು."

ಒಳಗಿಟ್ಟೆ. ಟ್ರಂಕಿನಲ್ಲಿ ಇಡಲು ಮನಸ್ಸು ಬಾರದೆ ನನ್ನ ಮಂಚದ ತಲೆದೆಸೆಗೆ ತೂಗುಹಾಕಿಕೊಂಡೆ. ಸುಟ್ಟುಹಾಕು ಎನ್ನಬೇಕೆಂದರೆ ಅವಳು ಕಾರಣ ಹೇಳಬೇಕಿತ್ತು. ಕಾರಣ ಹೇಳಬಾರದೆಂದು ನಿಮ್ಮ ಆಣೆ.

ಇನ್ನು ಆ ದಿನಕ್ಕೆ ಬರುತ್ತೇನೆ. ಪತ್ರಿಕೆಯ ಮುಖಪುಟದಲ್ಲಿ ಬಂದದ್ದು ಹೀಗೆ: ನೆರೆದೇಶದಲ್ಲಿ ಹಲ್ಲಿನ ಆಸ್ಪತ್ರೆಗಳ ಕುರ್ಚಿ ದುರಸ್ತಿಯ ಸೋಗಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ನಮ್ಮ ಗುಪ್ತಚರ ಮಹಿಳೆ ಹಳೆಪೇಟೆಯ ಚೌಕಟ್ಟಿನ ವ್ಯಾಪಾರಿ ಕುಟುಂಬದವರೆಂದು ಉನ್ನತ ಮೂಲಗಳು ತಿಳಿಸಿವೆ, ಸುರಕ್ಷತೆಯ ದೃಷ್ಟಿಯಿಂದ ಹೆಸರು ಪ್ರಕಟಿಸುತ್ತಿಲ್ಲ. ಎಂಥ ಸುರಕ್ಷತೆ, ಮಾನ್ಯರೇ. ಹಲ್ಲಿನ ಕುರ್ಚಿ ದುರಸ್ತಿ ಮಾಡುವ ಹೆಂಗಸರದೊಂದು ಮೆರವಣಿಗೆ ಈ ಊರಲ್ಲಿ ಹೊರಟರೆ ನಮ್ಮ ಹುಡುಗಿ ಒಬ್ಬಳೇ ನಡೆದುಹೋಗಬೇಕು. ಕೈ, ಕಾಲು, ಮೂಗು, ಮನೆಬಾಗಿಲು ಎಲ್ಲ ಹೇಳಿ, ಹೆಸರೊಂದು ಹೇಳಲಿಲ್ಲ ಎಂದು ಬೆನ್ನು ತಟ್ಟಿಕೊಂಡರಲ್ಲ ನಿಮ್ಮ ಉನ್ನತ ಮೂಲಗಳು. ಅಷ್ಟು ಉನ್ನತದಲ್ಲಿ ಕೂತವರಿಗೆ ನಾಚಿಕೆ ಎನ್ನುವುದು ಕೆಳಗೆಲ್ಲೋ ಇರುವ ಸಣ್ಣ ಮನೆಯ ಹಾಗೆ ಕಾಣುತ್ತದೋ ಏನೋ.

ಅಂದು ಅವಳು ಊರಲ್ಲಿರಲಿಲ್ಲ, ಕಂಪನಿಯ ಕೆಲಸಕ್ಕೆಂದು ಈ ಕಡೆಯದೇ ಇನ್ನೊಂದು ಊರಿಗೆ ಹೋದವಳು ರೈಲಿನಲ್ಲಿ ಬರುತ್ತಿದ್ದಳು. ಅವಳಿಗಿಂತ ಮೊದಲು ಕ್ಯಾಮೆರಾಗಳು ಬಂದವು. "ನಿಮ್ಮ ಮನೆಯ ಮಗಳು ಗೂಢಚಾರಿಣಿಯಂತೆ, ಸುಳ್ಳು ಹೇಳಿಕೊಂಡು ಬದುಕಿದಳಂತೆ" ಎಂದು ಮೈಕು ಚಾಚಿದರು. ಕುಂಬಳಕಾಯಿ ಕಳ್ಳ ಎಂದರೆ ಕಳ್ಳನೊಬ್ಬ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ಮನೆಯ ಪದ್ಧತಿ ಬೇರೆ. ನಮ್ಮವರಲ್ಲಿ ಒಬ್ಬರನ್ನು ಯಾರಾದರೂ ಕಳ್ಳ ಎಂದರೆ ಇಡೀ ಮನೆ ಹೆಗಲು ತೋರಿಸಲು ಬಾಗಿಲಿಗೆ ಓಡುತ್ತದೆ. ಇದು ನನ್ನ ಅತ್ತೆ ಹಾಕಿಕೊಟ್ಟ ಕಟ್ಟಳೆ. "ಮನೆಯವರ ಮೇಲೆ ಮಾತು ಬಂದರೆ ಒಳಗೆ ಕೂರಿಸಿಕೊಂಡು ಬೈಯಿರಿ, ಬಾಗಿಲಲ್ಲಿ ನಿಂತು ಕಾಯಿರಿ" ಎನ್ನುತ್ತಿದ್ದರು. ಹಾಗೆ ನಾವೆಲ್ಲ ಬಾಗಿಲಿಗೆ ಹೋಗಿ ನಿಂತೆವು. ನಾನು ನಿಂತೆ, ಊರಿಂದ ಬಂದಿದ್ದ ನಾದಿನಿ ನಿಂತಳು, ಬೀದಿ ಕೊನೆಯ ದಂತವೈದ್ಯರೂ ಬಂದು ಸೇರಿಕೊಂಡರು. ನನ್ನ ಮೈದುನ ಒಳಗೆ ಹೋದವನು ನನ್ನ ಮಂಚದ ತಲೆದೆಸೆಯ ಚಿತ್ರ ಕಿತ್ತುಕೊಂಡು ಬಂದು ಎತ್ತಿ ಹಿಡಿದ.

"ಸುಳ್ಳು ಅಂತೀರಲ್ಲ, ನೋಡ್ರೀ. ಇದೇನು ಸೋಗಾ? ತಿರುಪುಳಿ ಹಿಡ್ಕೊಂಡಿರೋದು ಕಾಣಲ್ವಾ? ಪಕ್ಕದಲ್ಲಿರೋದು ಅಲ್ಲಿನ ದಾದಿ, ಅವರನ್ನೇ ಕೇಳಿ ಬೇಕಾದ್ರೆ. ನಮ್ಮ ಹುಡುಗಿ ದುಡಿದು ತಿನ್ನೋಳು."

ಅವರು ಕೇಳಿದರು, ಮಾನ್ಯರೇ. ನಮ್ಮ ಟಿವಿಯವರಲ್ಲ, ಆ ಕಡೆಯವರು. ಸಂಜೆಯ ಒಳಗೆ ಆ ಚಿತ್ರ ಗಡಿ ದಾಟಿತ್ತು. ಮರುದಿನ ಆ ಕಡೆಯ ಅಕ್ಕನನ್ನು ಆಸ್ಪತ್ರೆಯಿಂದಲೇ ಎತ್ತಿಕೊಂಡು ಹೋದರು. ನಮ್ಮ ಹುಡುಗಿ ಮನೆ ಮುಟ್ಟಿದಾಗ ಅಂಗಡಿಯ ಟಿವಿಯಲ್ಲಿ ಅದನ್ನೇ ತೋರಿಸುತ್ತಿದ್ದರು. ಇಬ್ಬರು ಸಿಪಾಯಿಗಳ ನಡುವೆ ಆಕೆ ನಡೆದು ಹೋಗುತ್ತಿದ್ದಳು, ಅಲ್ಲಿ ಹಿಮದ ಕಾಲ. ಇವಳು ಚೀಲವನ್ನೂ ಕೆಳಗಿಡದೆ ನಿಂತು ನೋಡಿದಳು. ಕೊನೆಗೆ ಒಂದೇ ಮಾತು ಆಡಿದಳು.

"ಕಾಲಿಗೆ ಏನೂ ಹಾಕಿಲ್ಲ ದೊಡ್ಡಮ್ಮ."

ನಾನು ನನ್ನ ಕಾಲು ನೋಡಿಕೊಂಡೆ. ಆಕೆ ಹೆಣೆದದ್ದನ್ನೇ ಹಾಕಿಕೊಂಡಿದ್ದೆ.

ಅಂದಿನಿಂದ ನಮ್ಮ ಮನೆಯ ಸ್ಥಿತಿ ಕೇಳಿ. ಅಂಗಡಿಯ ಮುಂಭಾಗದಲ್ಲಿ ನಿಮ್ಮ ಇಬ್ಬರು ಜನ ಕೂತಿದ್ದಾರೆ. ಒಬ್ಬರಿಗೆ ದಪ್ಪ ಮೀಸೆ, ಆದ್ದರಿಂದ ಮೀಸೆಯವರು. ಇನ್ನೊಬ್ಬರು ಆಕಳಿಸುತ್ತಲೇ ಇರುತ್ತಾರೆ, ಅವರಿಗೆ ಇನ್ನೂ ಹೆಸರಿಡಬೇಕು. ರಕ್ಷಣೆಗೋ ಕಾವಲಿಗೋ ಎಂದರೆ ಅವರಿಗೂ ಖಚಿತವಿಲ್ಲ, ಎರಡಕ್ಕೂ ಒಂದೇ ಕುರ್ಚಿ. ಹುಡುಗಿಯ ಫೋನು ಹೋಯಿತು. ಕಿಟಕಿಗಳಿಗೆ ಪರದೆ ಬಂತು. ಗಿರಾಕಿಗಳು ಬಾಗಿಲವರೆಗೆ ಬಂದು ಮೀಸೆ ನೋಡಿ ಹಿಂದಿರುಗುತ್ತಾರೆ, ಮದುವೆ ಫೋಟೋಗಳು ಕಟ್ಟು ಹಾಕಿಸಿಕೊಂಡು ಒಯ್ಯುವವರಿಲ್ಲದೆ ಗೋಡೆಗೆ ಒರಗಿ ನಿಂತಿವೆ. ಮೊನ್ನೆ ಪರದೆಯ ಸಂದಿಯಲ್ಲಿ ಬೀದಿ ನೋಡುತ್ತಿದ್ದೆ.

"ಅಮ್ಮಾ, ಕಿಟಕಿ ಹತ್ರ ನಿಲ್ಲಬೇಡಿ" ಎಂದರು ಮೀಸೆಯವರು.

"ಯಾಕಪ್ಪಾ, ಹೊರಗಿನೋರು ನನ್ನ ನೋಡ್ತಾರೆ ಅಂತನೋ, ನಾನು ಹೊರಗಿನೋರನ್ನ ನೋಡ್ತೀನಿ ಅಂತನೋ?"

"ಎರಡೂ ಬೇಡ ಅಂತ ಆರ್ಡರ್ ಅಮ್ಮಾ."

ಪಾಪ, ಒಳ್ಳೆಯ ಮನುಷ್ಯ. ದೊಡ್ಡ ಗಾಜು ಎತ್ತುವಾಗ ಒಂದು ತುದಿ ಹಿಡಿಯುತ್ತಾರೆ. ಅವರ ಮೇಲೆ ನನ್ನ ದೂರಿಲ್ಲ. ಈ ಪತ್ರವನ್ನೂ ಅವರೆದುರೇ ಕೂತು ಬರೆದೆ. ನೆಂಟರಿಗಾ ಅಮ್ಮಾ ಎಂದು ಕೇಳಿದರು. ನಮ್ಮ ಮನೆಯಲ್ಲಿ ಒಮ್ಮೆ ಟೀ ಕುಡಿದವರಿಗೆ ಎಂದೆ.

ಎಲ್ಲರಿಗಿಂತ ಹೆಚ್ಚು ಸಿಕ್ಕಿಹಾಕಿಕೊಂಡವನು ನನ್ನ ಮೈದುನ. ಈ ಓಣಿಯಲ್ಲಿ ಅವನಷ್ಟು ಮಾತಾಡುವವನು ಇನ್ನೊಬ್ಬನಿರಲಿಲ್ಲ. ಈಗ ಗೋಡೆ ಕಡೆ ಮುಖ ಮಾಡಿ ಕೂರುತ್ತಾನೆ. ಒಂದು ದಿನ ನಮ್ಮ ಹುಡುಗಿ ಅವನ ಪಕ್ಕ ಹೋಗಿ ಕೂತಳು.

"ಚಿಕ್ಕಪ್ಪ, ಊಟಕ್ಕೆ ಏಳು."

"ನಾನೇ ಎತ್ತಿ ತೋರಿಸಿದ್ದು ಕಣೇ."

"ನನ್ನ ಪರ ನಿಂತೆ."

"ನಿಂತೆ. ಆಯಮ್ಮನ್ನ ಬೀಳಿಸಿದೆ."

ಅವಳು ತಟ್ಟೆ ತಂದು ಅವನ ಮುಂದಿಟ್ಟು ಅವನ ಜೊತೆ ತಾನೂ ಗೋಡೆ ನೋಡುತ್ತ ಕೂತಳು.

ಇದೇ ಮೈದುನನನ್ನು ನಿಮ್ಮ ನೋಟೀಸು "ಸೋರಿಕೆಯ ಮೂಲ" ಎಂದು ಕರೆದಿದೆ. ಅವನು ಎತ್ತಿ ಹಿಡಿದದ್ದು ನಿಜ. ನಾವ್ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಚಿತ್ರ ನಮ್ಮ ಮನೆಯಲ್ಲಿದೆ ಎಂಬುದೂ, ಮಾತು ಬಂದರೆ ಈ ಮನೆಯವರು ಸಾಕ್ಷಿ ಹಿಡಿದುಕೊಂಡು ಬಾಗಿಲಿಗೆ ಓಡುತ್ತಾರೆ ಎಂಬುದೂ ನಮ್ಮನ್ನು ಬಿಟ್ಟು ಇನ್ನೊಬ್ಬರಿಗೆ ಗೊತ್ತಿತ್ತು. ಈಗ ತಮ್ಮ ಭೇಟಿಯ ವಿಷಯ.

ಕೆಲವು ವರ್ಷದ ಹಿಂದೆ ನನ್ನ ಯಜಮಾನರು ತೀರಿಕೊಂಡರು. ನಮ್ಮ ಹುಡುಗಿ ಆ ಕಡೆ ಇದ್ದಳು, ಬರಲಾಗಲಿಲ್ಲ. ಅವಳ ಬದಲು ಕುರ್ಚಿ ಕಂಪನಿಯ ಮ್ಯಾನೇಜರ್ ಎಂದು ಹೇಳಿಕೊಂಡು ಒಬ್ಬರು ಬಿಳಿ ಹೂವಿನ ಗೊಂಚಲು ಹಿಡಿದು ಬಂದರು. ಸಭ್ಯರು, ಮೆದು ಮಾತಿನವರು. ಚಿತ್ರ ಆಗಿನ್ನೂ ಅಂಗಡಿಯ ಗೋಡೆಯ ಮೇಲೇ ಇತ್ತು. ಅದರ ಮುಂದೆ ತುಂಬ ಹೊತ್ತು ನಿಂತರು.

"ಇವರು ಯಾರಮ್ಮಾ?"

"ಅಲ್ಲಿನ ದಾದಿ. ನಮ್ಮ ಹುಡುಗಿಗೆ ಒಡಹುಟ್ಟಿದ ಅಕ್ಕನ ಹಾಗೆ. ಇವರನ್ನೂ ಇವರ ತಾಯೀನೂ ಕಂಪನಿಯವರು ಈ ಕಡೆಗೆ ಕರೆಸಿಕೊಳ್ತಾರಂತೆ, ಇಲ್ಲೇ ಕೆಲಸ ಕೊಡ್ತಾರಂತೆ. ಹೌದಾ ಸಾರ್? ಮಹಡಿ ಕೋಣೆ ಖಾಲಿ ಮಾಡಿಡು ಅಂದಿದಾಳೆ ನಮ್ಮ ಹುಡುಗಿ."

"ಕಂಪನಿ ಮಾತು ಕೊಟ್ಟ ಮೇಲೆ ಆಯ್ತು ಅಂತಲೇ ತಿಳ್ಕೊಳ್ಳಿ" ಎಂದರು. ಆಮೇಲೆ ಚಿತ್ರವನ್ನು ಮತ್ತೊಮ್ಮೆ ನೋಡಿ, "ಕಟ್ಟು ಬಹಳ ಚೆನ್ನಾಗಿ ಹಾಕಿದೀರಿ" ಎಂದರು.

ಅಷ್ಟರಲ್ಲಿ ಹೊರಗೆ ಗಲಾಟೆಯಾಯಿತು. ತನ್ನ ತಂದೆಯ ಚಿತ್ರವನ್ನು ನಮ್ಮ ಯಜಮಾನರು ಕಳೆದುಹಾಕಿದರೆಂದು ಗಿರಾಕಿಯೊಬ್ಬ ಕೂಗಾಡುತ್ತಿದ್ದ. ಸೂತಕದ ಮನೆಯೆಂದೂ ನೋಡದೆ ನಾವೆಲ್ಲ ಬಾಗಿಲಿಗೆ ಹೋಗಿ ನಿಂತೆವು. ಮೈದುನ ಅಟ್ಟ ಹತ್ತಿ ಹುಡುಕಿ ಆ ಚಿತ್ರ ತಂದು ಎಲ್ಲರೆದುರು ಎತ್ತಿ ಹಿಡಿದ, "ನಮ್ಮಣ್ಣ ಯಾರದೂ ಕಳೆದೋನಲ್ಲ, ನೋಡ್ಕೋ" ಎಂದ. ಮ್ಯಾನೇಜರ್ ಟೀ ಲೋಟ ಕೆಳಗಿಡುತ್ತ ನನಗೆ ಹೇಳಿದರು, "ನಿಮ್ಮ ಮನೆಯವರು ಸಾಕ್ಷಿ ಸಮೇತ ನಿಲ್ತೀರಮ್ಮಾ. ಅಪರೂಪ." ಹೊಗಳಿಕೆ ಎಂದುಕೊಂಡೆ. ನೆಂಟರಿಗೆಲ್ಲ ಪತ್ರದಲ್ಲಿ ಬರೆದು ಹೆಮ್ಮೆಪಟ್ಟೆ.

ಕಳೆದ ತಿಂಗಳು ಟಿವಿಯಲ್ಲಿ ಸೋರಿಕೆ ತನಿಖಾ ಸಮಿತಿಯ ಅಧ್ಯಕ್ಷರನ್ನು ತೋರಿಸಿದರು. "ಈ ಘಟನೆಯಿಂದ ನನಗೆ ತೀವ್ರ ಆಘಾತವಾಗಿದೆ" ಎನ್ನುತ್ತಿದ್ದರು. ಗೋಡೆಯ ಕಡೆ ಮುಖ ಮಾಡಿದ್ದ ಮೈದುನ ದನಿ ಕೇಳಿ ತಿರುಗಿದ.

"ಅತ್ತಿಗೆ, ಇದು ನಮ್ಮ ಕುರ್ಚಿ ಮ್ಯಾನೇಜರ್ ಅಲ್ವಾ?"

ಕನ್ನಡಕ ಬದಲಾಗಿದೆ, ಕೂದಲು ಸ್ವಲ್ಪ ಹಿಂದೆ ಸರಿದಿದೆ. ದನಿ ಅದೇ. ನಮ್ಮ ಹುಡುಗಿಯನ್ನು ನೋಡಿದೆ. ಅವಳು ಹೌದೆನ್ನಲಿಲ್ಲ, ಅಲ್ಲ ಎನ್ನಲಿಲ್ಲ, ಎದ್ದು ಮಹಡಿಗೆ ಹೋದಳು.

ಇದನ್ನು ಬರೆದದ್ದೂ ಒಂದು ಸೋರಿಕೆ ಎನ್ನುವಿರಾದರೆ ನನ್ನ ಅಭ್ಯಂತರವಿಲ್ಲ. ಇದರ ಮೂಲ ಉನ್ನತದ್ದಲ್ಲ, ತಗ್ಗಿನದು. ವಿಳಾಸ ನಿಮ್ಮ ನೋಟೀಸಿನ ಮೇಲೇ ಇದೆ.

ಈಗ ನನ್ನ ಪ್ರಶ್ನೆ. ಗುಟ್ಟು ಕಾಯುವುದೇ ಕಸುಬಾದ ತಾವು, ನಿಮ್ಮ ಗುಪ್ತಚರೆಯೂ ಆಕೆಯ ಗೆಳತಿಯೂ ಒಟ್ಟಿಗೆ ನಿಂತ ಚಿತ್ರವನ್ನು ಹಾದಿಹೋಕರೆಲ್ಲ ನೋಡುವ ಅಂಗಡಿಯ ಗೋಡೆಯ ಮೇಲೆ ಕಂಡಿರಿ. ಇಳಿಸಿ ಎನ್ನಲಿಲ್ಲ. "ಅಮ್ಮಾ, ಇದನ್ನು ನಾನು ಒಯ್ಯಲೇ, ಕಂಪನಿಯಲ್ಲಿ ತೋರಿಸಬೇಕು" ಎಂದಿದ್ದರೆ ಕಟ್ಟು ಸಮೇತ ಕೊಟ್ಟುಬಿಡುತ್ತಿದ್ದೆ. ಯಾಕೆ ಹೇಳಲಿಲ್ಲ? ಮರೆತಿರಿ ಎಂದರೆ, ಅಷ್ಟು ಮರೆವಿನವರ ಕೈಗೆ ನಮ್ಮ ಮಕ್ಕಳನ್ನು ಕೊಟ್ಟದ್ದು ಹೇಗೆ? ಮರೆಯಲಿಲ್ಲ ಎಂದರೆ, ಯಾವ ದಿನಕ್ಕೆಂದು ಅದನ್ನು ಗೋಡೆಯ ಮೇಲೆ ಬಿಟ್ಟಿರಿ?

ಈ ಸೋರಿಕೆಯ ಹಿಂದಿನ ಉದ್ದೇಶದ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಈಗ ಪತ್ರಿಕೆಯನ್ನು ಬಂದ ದಿನವೇ ಓದುತ್ತಿದ್ದೇನೆ, ಬೇರೆ ಕೆಲಸವೆಲ್ಲಿ ಬಿಟ್ಟಿದ್ದೀರಿ. ಕುಸಿದ ಸೇತುವೆಯ ಬಗ್ಗೆ ಅದೇ ದಿನ ಮಂತ್ರಿಗಳು ಸಭೆಯಲ್ಲಿ ಉತ್ತರ ಕೊಡಬೇಕಿತ್ತು, ಅದನ್ನು ಮರೆಸಲು ಎಂದು ಕೆಲವರು. ಚುನಾವಣೆ ಹತ್ತಿರ ಬಂತು, "ನಾವು ಶತ್ರುವಿನ ಬಾಯೊಳಗೆ ಕೂತಿದ್ದೆವು" ಎಂದು ಮೀಸೆ ತಿರುವಲು ಎಂದು ಕೆಲವರು. ಎರಡು ಇಲಾಖೆಗಳ ಜಗಳ, ಗೂಳಿಗಳ ಕಾದಾಟದಲ್ಲಿ ಗಿಡ ಸತ್ತಿತು ಎಂದು ಇನ್ನು ಕೆಲವರು. ಇವೆಲ್ಲ ಇರಬಹುದು. ಒಂದು ಕಲ್ಲಿಗೆ ಇಷ್ಟೊಂದು ಹಕ್ಕಿ ಬಿದ್ದರೆ ಎಸೆದವರಿಗೆ ಬೇಸರವೇನಿಲ್ಲ. ಆದರೆ ನನಗೆ ಗೊತ್ತಿರುವುದು ಮನೆಯ ಲೆಕ್ಕಾಚಾರ.

ನನ್ನ ನಾದಿನಿಗೆ ಒಂದು ಸಂಬಂಧ ಗೊತ್ತಾಗಿತ್ತು. ಇನ್ನೂ ಯಾರಿಗೂ ಹೇಳಬಾರದೆಂದು ಮಾತಾಗಿತ್ತು. ಎರಡೇ ದಿನದಲ್ಲಿ ಊರೆಲ್ಲ ಹಬ್ಬಿ, ಗಂಡಿನ ಕಡೆಯವರು ಮುನಿಸಿಕೊಂಡು ಸಂಬಂಧ ಮುರಿಯಿತು. ಎಲ್ಲರಿಗಿಂತ ಹೆಚ್ಚು ಎದೆ ಬಡಿದುಕೊಂಡವಳು ದಾಯಾದಿ ಮನೆಯ ದೊಡ್ಡ ಸೊಸೆ. ನನ್ನ ಅತ್ತೆ ನನಗೆ ಮೆಲ್ಲಗೆ ಹೇಳಿದರು, "ಗುಟ್ಟು ರಟ್ಟಾದಾಗ ಜೋರಾಗಿ ಅಯ್ಯೋ ಅಂದೋರ ಬಾಯಿ ಮೂಸಿ ನೋಡು. ಅವಳಿಗೆ ಗುಟ್ಟು ಹೇಳೋ ಆಸೆ ಇರಲಿಲ್ಲ. ಆ ಸಂಬಂಧ ಬೇಕಿರಲಿಲ್ಲ." ಅಂದೇ ಕಲಿತೆ. ಗುಟ್ಟು ಬಿಟ್ಟವರು ಯಾರೆಂದು ತಿಳಿಯಬೇಕಾದರೆ ಏನು ಹೊರಗೆ ಬಂತು ಎಂದು ಕೇಳಬಾರದು. ಅದು ಹೊರಬಿದ್ದದ್ದರಿಂದ ಏನು ಮುರಿಯಿತು ಎಂದು ಕೇಳಬೇಕು.

ಇಲ್ಲಿ ಏನು ಮುರಿಯಿತು? ಸೋರಿಕೆಗೆ ಮುಂಚಿನ ಕೆಲವು ತಿಂಗಳಿಂದ ನಮ್ಮ ಹುಡುಗಿ ಆ ಕಡೆ ಹೋಗುವುದನ್ನು ನಿಲ್ಲಿಸಿದ್ದಳು. ಕಂಪನಿಯ ಜೊತೆ ಜಗಳ ಎಂದಷ್ಟೇ ಹೇಳಿದಳು. ಹಿತ್ತಿಲಲ್ಲಿ ನಿಂತು ಫೋನಿನಲ್ಲಿ ಆಡಿದ ಮಾತು ಬಟ್ಟೆ ಒಣಹಾಕುತ್ತಿದ್ದ ನನ್ನ ಕಿವಿಗೆ ಬಿತ್ತು, "ಕೊಟ್ಟ ಮಾತು ಕೊಟ್ಟಿದ್ದೇ ಸಾರ್. ಮೊದಲು ಅವರಿಬ್ಬರನ್ನ ಕರೆಸಿ. ಅಲ್ಲೀತನಕ ನಾನು ಹೋಗಲ್ಲ, ಯಾರನ್ನೂ ಅವರ ಹತ್ರ ಕಳಿಸಲೂ ಬಿಡಲ್ಲ." ಮುರಿದದ್ದು ಆ ಮಾತು, ಮಾನ್ಯರೇ. ಕೊಟ್ಟ ಮಾತು ಗಂಟಲಲ್ಲಿ ಸಿಕ್ಕಿಕೊಂಡವರಿಗೆ ಎರಡೇ ದಾರಿ. ನಡೆಸಿಕೊಡುವುದು ಒಂದು, ಕೇಳುವವರೇ ಉಳಿಯದ ಹಾಗೆ ಮಾಡುವುದು ಇನ್ನೊಂದು. ಈಗ ಕೇಳುವವಳು ಬಾಯಿಗೆ ಬೀಗ ಹಾಕಿಕೊಂಡು ಮಹಡಿಯ ಕೋಣೆಯಲ್ಲಿದ್ದಾಳೆ. ಪಡೆಯಬೇಕಾದವಳು ಅಲ್ಲಿ ಸೆರೆಮನೆಯಲ್ಲಿದ್ದಾಳೆ. ಬಿಡಿಸಿ ಹೇಳಬಹುದಾಗಿದ್ದ ನಾವು ತಪ್ಪಿತಸ್ಥರ ಸಾಲಿನಲ್ಲಿ ನಿಂತಿದ್ದೇವೆ. ತನಿಖೆ ಮಾಡುವವರು ತಾವು. ಇಷ್ಟು ಮಟ್ಟಸವಾಗಿ ನಾಲ್ಕು ಮೂಲೆ ಕೂಡಿಸಲು ನನ್ನ ಯಜಮಾನರಿಗೂ ಸಾಧ್ಯವಾಗುತ್ತಿರಲಿಲ್ಲ, ಅವರದು ಪಳಗಿದ ಕೈ.

ತಾವೇ ಮಾಡಿದಿರಿ ಎಂದು ನಾನು ಹೇಳುತ್ತಿಲ್ಲ. ನನ್ನ ಹತ್ತಿರ ಪುರಾವೆಯಿಲ್ಲ. ಇರುವುದು ಸಂಶಯ ಮಾತ್ರ. ನಿಮ್ಮ ಸಮಿತಿಯ ಭಾಷೆಯಲ್ಲಿ ಹೇಳುವುದಾದರೆ ಮೇಲ್ನೋಟಕ್ಕೆ ಕಂಡುಬಂದಿದೆ.

ಆದರೆ ನನಗೆ ಬೇಕಾದದ್ದು ನಿಮ್ಮ ತಪ್ಪೊಪ್ಪಿಗೆಯಲ್ಲ. ಅದನ್ನು ಹಾಕಲು ನನ್ನಲ್ಲಿ ಕಟ್ಟಿಲ್ಲ. ಕಳೆದ ವಾರ ಆ ಕಡೆಯ ಸರ್ಕಾರ ಒಂದು ಹೇಳಿಕೆ ಕೊಟ್ಟಿತು, ಈ ಹೆಂಗಸು ತಮ್ಮವಳೆಂದು ನಮ್ಮ ಸರ್ಕಾರ ಒಪ್ಪಿಕೊಂಡು, ಇಲ್ಲಿ ಸೆರೆಯಲ್ಲಿರುವ ಆ ಕಡೆಯವರನ್ನು ಬದಲಿಗೆ ಬಿಡುವುದಾದರೆ ಮಾತುಕತೆಗೆ ಸಿದ್ಧ ಎಂದು. ನಿಮ್ಮ ಇಲಾಖೆ ಅದೇ ಸಂಜೆ ಉತ್ತರಿಸಿತು, "ಸದರಿ ಮಹಿಳೆಗೂ ನಮಗೂ ಯಾವುದೇ ಸಂಬಂಧವಿಲ್ಲ." ನಾವು ಸದರಿ ಕುಟುಂಬ, ಆಕೆ ಸದರಿ ಮಹಿಳೆ. ನಿಮ್ಮ ಭಾಷೆಯಲ್ಲಿ ಮನುಷ್ಯರು ಕೈಬಿಡುವ ಮೊದಲು ಸದರಿಗಳಾಗುತ್ತಾರೆ ಎಂದು ಕಾಣುತ್ತದೆ. ಆಕೆಯ ಹೆತ್ತ ತಾಯಿ ದಿನಾ ಬೆಳಿಗ್ಗೆ ಸೆರೆಮನೆಯ ಗೇಟಿನ ಹತ್ತಿರ ಬಂದು ನಿಲ್ಲುವುದನ್ನು ಟಿವಿಯಲ್ಲಿ ತೋರಿಸುತ್ತಾರೆ. ಆಯಮ್ಮನೂ ಬಾಗಿಲಿಗೆ ನಿಲ್ಲುವವರ ಪೈಕಿ.

ಇದನ್ನು ಬರೆಯಲು ನಾನು ಹೆದರಲಿಲ್ಲ ಎಂದುಕೊಳ್ಳಬೇಡಿ. ಬರೆದರೆ ಆ ಕಡೆಯವರು ಆಕೆಯ ಹಗ್ಗ ಇನ್ನಷ್ಟು ಬಿಗಿಯುತ್ತಾರೋ ಎಂದು ಎರಡು ಸಲ ಬರೆದು ಹರಿದುಹಾಕಿದೆ. ಬರೆಯದಿದ್ದರೆ ನಿಮ್ಮ ಕಡತ ಮುಚ್ಚಿಕೊಂಡು ಆಕೆ ಅಲ್ಲೇ ಉಳಿದುಹೋಗುತ್ತಾಳೆ. ನಮ್ಮ ಹುಡುಗಿಯನ್ನು ಕೇಳಿದೆ.

"ಒಂದು ಪತ್ರ ಬರೀತೀನಿ. ಬರೀಬಹುದಾ?"

"ನಾನು ಹೇಳೋ ಹಾಗಿಲ್ಲ ದೊಡ್ಡಮ್ಮ."

"ಬೇಡ ಅನ್ನೋದನ್ನಾದ್ರೂ ಹೇಳಬಹುದಾ?"

ಅವಳು ಬೇಡ ಎನ್ನಲಿಲ್ಲ. ನನ್ನ ಕಾಲುಚೀಲ ಹಿಮ್ಮಡಿಯಲ್ಲಿ ಸವೆದಿತ್ತು. ಸೂಜಿ ತರಿಸಿಕೊಂಡು, ಬಗ್ಗಿ, ಅದನ್ನು ಹೊಲಿಯತೊಡಗಿದಳು.

ಆ ಕಡೆಯ ಅಕ್ಕ ನಿಮಗಾಗಿ ಏನು ಮಾಡಿದಳೋ ನನಗೆ ಗೊತ್ತಿಲ್ಲ, ಏನೂ ಮಾಡಿರಲಿಕ್ಕೂ ಇಲ್ಲ. ನನಗೆ ಕಾಲುಚೀಲ ಹೆಣೆದಳು. ಅಷ್ಟಕ್ಕೇ ನಮ್ಮ ಮನೆಯಲ್ಲಿ ಆಕೆ ನಮ್ಮವಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಈ ತನಿಖೆಯ ಕುರ್ಚಿಯಿಂದ ಇಳಿಯಿರಿ, ಆ ಚಿತ್ರವನ್ನು ನಮ್ಮ ಗೋಡೆಯ ಮೇಲೆ ನೋಡದವರು ಯಾರಾದರೂ ಅಲ್ಲಿ ಕೂರಲಿ. ಇಳಿದ ಮೇಲೆ ಒಂದು ಸಣ್ಣ ಕೆಲಸ ಮಾಡಿ. ನಮ್ಮ ಮನೆಯ ಪದ್ಧತಿಯನ್ನು ತಾವು ಕಣ್ಣಾರೆ ಕಂಡಿದ್ದೀರಿ, ಅಪರೂಪ ಎಂದು ಹೊಗಳಿದ್ದೀರಿ. ನಮ್ಮನ್ನು ಬೀಳಿಸಲು ಅದು ಒದಗಿ ಬಂತು. ಒಬ್ಬರನ್ನು ಎತ್ತಲೂ ಒದಗಲಿ. ನಿಮ್ಮ ಕಚೇರಿಯ ಬಾಗಿಲಿಗೆ ಬಂದು ನಿಲ್ಲಿ. ಆಕೆಯ ಚಿತ್ರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯಿರಿ. ಗಡಿಯಾಚೆಗೂ ಕೇಳಿಸುವ ಹಾಗೆ ಎರಡೇ ಪದ ಹೇಳಿ: ಇವಳು ನಮ್ಮವಳು.

ಹೇಳುವ ರೂಢಿ ತಪ್ಪಿಹೋಗಿದ್ದರೆ ನನ್ನ ಮೈದುನನನ್ನು ಕಳಿಸುತ್ತೇನೆ, ಹೇಳಿಕೊಡುತ್ತಾನೆ. ಮೀಸೆಯವರಿಗೆ ಬಾಗಿಲು ಬಿಡಲು ಒಂದು ಮಾತು ತಿಳಿಸಿ. ಚಿತ್ರ ನಿಮ್ಮ ಸಮಿತಿಯ ವಶದಲ್ಲಿದೆ, ಸಾಕ್ಷ್ಯವೆಂದು ಕೊಂಡೊಯ್ದಿದ್ದೀರಿ. ಗಾಜು ಒಡೆದಿದ್ದರೆ ಹೇಳಿ, ಬೇರೆ ಹಾಕಿಕೊಡುತ್ತೇನೆ.

ಇಂತಿ,
ಬಾಗಿಲು ಬಿಟ್ಟು ಕದಲಲು ಅಪ್ಪಣೆಯಿಲ್ಲದ್ದರಿಂದ ಬಾಗಿಲಲ್ಲೇ ನಿಂತಿರುವ,
ಸದರಿ ಕುಟುಂಬದ ಹಿರಿಯಳು,
ಹಲ್ಲಕ್ಕನ ದೊಡ್ಡಮ್ಮ